ಕೇಳದೆ ತೋಡಬೇಡಿ: ವೈಲ್ಡ್ ಕೋಸ್ಟ್‌ ಕಡಲ ಜನರ ಪ್ರಶ್ನೆ

2013ರಲ್ಲಿ ದಕ್ಷಿಣ ಆಫ್ರಿಕಾದ ನಾಲ್ಕು ಪತ್ರಿಕೆಗಳಲ್ಲಿ ಒಂದು ಪ್ರಕಟಣೆ ಬಂತು. ದೇಶದ ಪೂರ್ವ ಕರಾವಳಿಯ ಆಚೆ, ಕಡಲ ತಳದ ಅಡಿಯಲ್ಲಿ ತೈಲ ಮತ್ತು ಅನಿಲ ಹುಡುಕಲು ಅರ್ಜಿ ಬಂದಿದೆ, ಏನಾದರೂ ಹೇಳುವುದಿದ್ದರೆ ಹೇಳಿ ಎನ್ನುವುದು ಅದರ ತಿರುಳು. ಪ್ರಕಟಣೆ ಇದ್ದದ್ದು ಇಂಗ್ಲಿಷ್‌ನಲ್ಲಿ ಮತ್ತು ಆಫ್ರಿಕಾನ್ಸ್‌ನಲ್ಲಿ. ಆ ದಡದಲ್ಲಿ ಬದುಕುವವರು ಮನೆಯಲ್ಲಿ ಆಡುವುದು ಖೋಸಾ ಮತ್ತು ಪೊಂಡೊ ಮಾತು. ಪತ್ರಿಕೆ ಆ ಹಳ್ಳಿಗಳನ್ನು ಮುಟ್ಟುವುದೇ ಕಷ್ಟ. ಅಲ್ಲಿ ಸುದ್ದಿ ಅಂದರೆ ರೇಡಿಯೊ, ಇಲ್ಲವೇ ಊರವರೆಲ್ಲ ಕೂತು ಮಾತಾಡುವ ಸಭೆ.

ದಡದ ಹಳ್ಳಿಗಳಿಂದ ಯಾರೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಗೊತ್ತಾಗಬೇಕಲ್ಲ! 2014ರಲ್ಲಿ ಇಂಪ್ಯಾಕ್ಟ್ ಆಫ್ರಿಕಾ ಎಂಬ ಕಂಪನಿಗೆ ಶೋಧದ ಹಕ್ಕು ಸಿಕ್ಕಿತು. ಆಮೇಲೆ ಆ ಹಕ್ಕನ್ನು ಎರಡು ಸಲ ನವೀಕರಿಸಲಾಯಿತು. ಶೆಲ್ ಕಂಪನಿ ಬಂದು ಅದರಲ್ಲಿ ಪಾಲು ತೆಗೆದುಕೊಂಡಿತು. 2021ರ ಕೊನೆಗೆ 'ಅಮೆಜಾನ್ ವಾರಿಯರ್' ಎಂಬ ಸಮೀಕ್ಷೆ ಹಡಗು ಬರುತ್ತಿದೆ ಎಂಬ ಸುದ್ದಿ ಹರಡಿದಾಗಲೇ ದಡದ ಬಹಳಷ್ಟು ಜನರಿಗೆ ಇಂಥದ್ದೊಂದು ನಡೆದಿದೆ ಎಂದು ಗೊತ್ತಾದದ್ದು.

ಕನ್ನಡದಲ್ಲಿ 'ಕೇಳು' ಎಂಬ ಮಾತಿಗೆ ಎರಡು ಅರ್ಥ. ಪ್ರಶ್ನೆ ಮಾಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಈ ಪ್ರಕರಣವನ್ನು ಓದುತ್ತಾ ಹೋದಂತೆ ನನಗೆ ಆ ಪದವೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ತೈಲ ಬೇಕೋ ಬೇಡವೋ ಎಂಬ ಜಗಳಕ್ಕೂ ಮೊದಲು ಅಲ್ಲಿನ ಜನ ಎತ್ತಿದ ಪ್ರಶ್ನೆ ಒಂದೇ: ನಮ್ಮನ್ನು ಕೇಳಿದಿರಾ?

ಯಾರ ಕಡಲು ಇದು

ವೈಲ್ಡ್ ಕೋಸ್ಟ್ ಅಂದರೆ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಸುಮಾರು 250 ಕಿಲೋಮೀಟರ್ ಉದ್ದದ ದಡ. ನಮ್ಮ ಕಾರವಾರದಿಂದ ಮಂಗಳೂರಿಗೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಉದ್ದ. ಹಸಿರು ಗುಡ್ಡಗಳು ಸೀದಾ ಕಡಲಿಗೆ ಇಳಿಯುತ್ತವೆ. ಅಲ್ಲಲ್ಲಿ ನದಿಗಳು ಕಣಿವೆ ಕೊರೆದು ಬಂದು ಸೇರುತ್ತವೆ. ಅವುಗಳಲ್ಲಿ ಮ್ಬಾಶೆ ಎಂಬ ನದಿಯೂ ಒಂದು. ನೆಲ್ಸನ್ ಮಂಡೇಲಾ ಹುಟ್ಟಿದ ಮ್ವೇಜೊ ಹಳ್ಳಿ ಇರುವುದು ಇದೇ ನದಿಯ ದಂಡೆಯಲ್ಲಿ. ಅದು ಕಡಲು ಸೇರುವ ಜಾಗದ ಎರಡೂ ಬದಿಗೆ ದ್ವೇಸಾ ಮತ್ತು ಕ್ವೇಬೆ ಎಂಬ ಕಾಡುಗಳಿವೆ. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಟ್ರಾನ್ಸ್‌ಕೈ ಎಂಬ ಹೆಸರಿದ್ದ ಈ ಪ್ರದೇಶವನ್ನು ವರ್ಣಭೇದದ ಕಾಲದಲ್ಲಿ ಕಪ್ಪು ಜನರನ್ನು ತಳ್ಳಿ ಇಡುವ 'ತಾಯ್ನಾಡು' ಮಾಡಲಾಗಿತ್ತು. ಗಂಡಸರು ಗಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಹೆಂಗಸರು ಹೊಲ, ಮನೆ, ದಡ ನೋಡಿಕೊಳ್ಳುತ್ತಿದ್ದರು. ಇಲ್ಲಿನ ಪೊಂಡೊ ಜನರಿಗೆ ಪ್ರತಿಭಟನೆ ಹೊಸದಲ್ಲ. 1960ರ ಜೂನ್ 6ರಂದು ಎನ್‌ಗುಜಾ ಗುಡ್ಡದ ಮೇಲೆ ಸಭೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿ 11 ಜನರನ್ನು ಕೊಂದರು. ಸರ್ಕಾರ ತನಗೆ ಬೇಕಾದವರನ್ನು ಮುಖಂಡರನ್ನಾಗಿ ಮಾಡಿ ನೆಲದ ಮೇಲೆ ಅಧಿಕಾರ ಕೊಟ್ಟದ್ದು ಆ ಬಂಡಾಯದ ಒಂದು ಮುಖ್ಯ ಕಾರಣ. 'ಮುಖಂಡರನ್ನು ಕೇಳಿದ್ದೇವೆ, ಸಾಕು' ಎಂಬ ಮಾತು ಆ ಊರುಗಳಲ್ಲಿ ಯಾಕೆ ಅಷ್ಟು ಕಹಿ ಎಂದು ತಿಳಿಯಲು ಇದು ಗೊತ್ತಿರಬೇಕು.

ಇವತ್ತಿಗೂ ಅಲ್ಲಿ ಬಡತನ ಇದೆ. ಬಹಳ ಮನೆಗಳು ನಡೆಯುವುದು ಸರ್ಕಾರದ ಪಿಂಚಣಿ, ಮಕ್ಕಳ ಭತ್ಯೆ ಮತ್ತು ಪಟ್ಟಣಕ್ಕೆ ಹೋದವರು ಕಳಿಸುವ ದುಡ್ಡಿನಿಂದ. ಆದರೆ ಹಿತ್ತಿಲಿಗೆ ಹೋದರೆ ಬೇರೆ ಲೆಕ್ಕ ಕಾಣುತ್ತದೆ. ಕೆಸುವಿನ ಗಡ್ಡೆ, ಗೆಣಸು, ಮೆಕ್ಕೆಜೋಳ. ಕೆಸುವಿಗೆ ಅವರು 'ಅಮಡುಂಬೆ' ಎನ್ನುತ್ತಾರೆ. ಕಡಲು ಇಳಿತದಲ್ಲಿ ಹಿಂದೆ ಸರಿದಾಗ ಹೆಂಗಸರು ಚೀಲ, ಕಬ್ಬಿಣದ ಸಲಾಕೆ ಹಿಡಿದು ಬಂಡೆಗಳಿಗೆ ಹೋಗುತ್ತಾರೆ. ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳನ್ನು ಎಬ್ಬಿಸಿ ತರುತ್ತಾರೆ. ನಮ್ಮ ಮಂಗಳೂರು ಕಡೆ ಪಚ್ಚಿಲೆ ಎನ್ನುತ್ತಾರಲ್ಲ, ಅದೇ ಜಾತಿಯದು. ಏಡಿ, ಸಿಗಡಿ ಜಾತಿಯವು ಪ್ರವಾಸಿಗರಿಗೆ ಮಾರಾಟವಾಗುತ್ತವೆ. ಜೂನ್-ಜುಲೈ ಹೊತ್ತಿಗೆ ತಣ್ಣನೆ ನೀರಿನ ಜೊತೆ ಸಾರ್ಡೀನ್ ಮೀನಿನ ಕೋಟ್ಯಂತರ ಸಂಖ್ಯೆಯ ಹಿಂಡು ಈ ದಡವನ್ನು ಹಾದು ಹೋಗುತ್ತದೆ. ನಮ್ಮ ಬೂತಾಯಿ, ತಾರ್ಲೆಯ ನೆಂಟರು ಅವು. ಅವುಗಳ ಹಿಂದೆ ಡಾಲ್ಫಿನ್, ಶಾರ್ಕ್, ಹಕ್ಕಿಗಳು. ಅದೇ ಕಾಲದಲ್ಲಿ ತಿಮಿಂಗಿಲಗಳೂ ದಕ್ಷಿಣದಿಂದ ಮೇಲೆ ಬರುತ್ತವೆ.

ಇನ್ನೊಂದು ಸಂಗತಿ ಇದೆ. ಈ ಜನರಿಗೆ ಕಡಲು ಹಿರಿಯರಿರುವ ಜಾಗ. ಸತ್ತ ಹಿರಿಯರು ನೀರಿನಲ್ಲಿದ್ದಾರೆ, ಅವರ ನೆಮ್ಮದಿ ಕೆಡಿಸಬಾರದು ಎಂಬ ನಂಬಿಕೆ. ಕಾಯಿಲೆ ಬಂದರೆ, ಕಷ್ಟ ಬಂದರೆ ದಡಕ್ಕೆ ಹೋಗಿ ಮಾತಾಡುತ್ತಾರೆ. ಮಳೆಗಾಲ ಮುಗಿದ ಮೇಲೆ ಸಮುದ್ರಪೂಜೆ ಮಾಡಿ ದೋಣಿ ಇಳಿಸುವ ನಮ್ಮ ಮೊಗವೀರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಡಗು ಮಾಡುವ ಕೆಲಸ

ಸಮೀಕ್ಷೆ ಅಂದರೆ ಕೊರೆಯುವುದಲ್ಲ, ಅದಕ್ಕೂ ಮೊದಲ ಹೆಜ್ಜೆ. ಹಡಗು ತನ್ನ ಹಿಂದೆ ಏರ್‌ಗನ್‌ಗಳ ಸಾಲನ್ನು, ಅವುಗಳ ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್‌ಗಳನ್ನು ಎಳೆದುಕೊಂಡು ಹೋಗುತ್ತದೆ. ಏರ್‌ಗನ್ ಒತ್ತಿ ಹಿಡಿದ ಗಾಳಿಯನ್ನು ಒಮ್ಮೆಲೆ ನೀರಿಗೆ ಬಿಡುತ್ತದೆ. ಸದ್ದು ಕಡಲ ತಳ ದಾಟಿ ಕಲ್ಲಿನ ಪದರಗಳಿಗೆ ಬಡಿದು ವಾಪಸ್ ಬರುತ್ತದೆ. ಕೇಬಲ್‌ನಲ್ಲಿರುವ ಮೈಕುಗಳು ಆ ಮಾರ್ದನಿಯನ್ನು ಹಿಡಿಯುತ್ತವೆ. ಅದರಿಂದ ಯಾವ ಪದರದಲ್ಲಿ ತೈಲ, ಅನಿಲ ಇರಬಹುದು ಎಂಬ ನಕ್ಷೆ ತಯಾರಾಗುತ್ತದೆ.

ವೈಲ್ಡ್ ಕೋಸ್ಟ್‌ನಲ್ಲಿ ಇದು ನಡೆಯಬೇಕಿದ್ದದ್ದು 6,011 ಚದರ ಕಿಲೋಮೀಟರ್ ಕಡಲಿನಲ್ಲಿ, ನಾಲ್ಕೈದು ತಿಂಗಳು. ಹತ್ತು ಸೆಕೆಂಡಿಗೆ ಒಂದು ಸಲ ಎಂದು ಲೆಕ್ಕ ಹಾಕಿ. ದಿನಕ್ಕೆ 8,640 ಸಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ, ಬಹಳ ದೂರ ಹೋಗುತ್ತದೆ. ತಿಮಿಂಗಿಲ, ಡಾಲ್ಫಿನ್‌ಗಳು ದಾರಿ ಹುಡುಕುವುದು, ಮರಿಯನ್ನು ಕರೆಯುವುದು ಸದ್ದಿನಿಂದಲೇ.

ಕಂಪನಿಗಳ ವಾದವನ್ನೂ ಇಲ್ಲಿ ಹೇಳಬೇಕು. ಜಗತ್ತಿನ ಎಷ್ಟೋ ಕಡಲುಗಳಲ್ಲಿ ಇಂಥ ಸಮೀಕ್ಷೆ ನಡೆದಿದೆ. ತಿಮಿಂಗಿಲಗಳ ವಲಸೆ ಇಲ್ಲದ ತಿಂಗಳು ಆರಿಸಿಕೊಂಡಿದ್ದೇವೆ. ಸದ್ದನ್ನು ನಿಧಾನಕ್ಕೆ ಏರಿಸುತ್ತೇವೆ. ಹಡಗಿನಲ್ಲಿ ಕಾವಲು ಕಾಯುವವರು ಇರುತ್ತಾರೆ, ಪ್ರಾಣಿ ಕಂಡರೆ ನಿಲ್ಲಿಸುತ್ತೇವೆ ಎಂದು ಅವು ಹೇಳಿದವು. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಹಡಗಿನ ಮೇಲಿಂದ ಕಾಣುವುದು ಉಸಿರಾಡಲು ಮೇಲೆ ಬರುವ ದೊಡ್ಡ ಪ್ರಾಣಿ ಮಾತ್ರ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಟಾಸ್ಮೇನಿಯಾ ಬಳಿ ಏರ್‌ಗನ್ ಹಾರಿಸಿದಾಗ 1.2 ಕಿಲೋಮೀಟರ್ ದೂರದವರೆಗೂ ಪ್ರಾಣಿಪ್ಲವಕಗಳು ಸತ್ತದ್ದು ಕಂಡಿತು. ನೀರಿನಲ್ಲಿ ತೇಲುವ ಬಹಳ ಚಿಕ್ಕ ಜೀವಿಗಳವು. ಮೀನಿನ ಮರಿ ತಿನ್ನುವುದು ಅವನ್ನೇ. ಕಾವಲುಗಾರನ ದುರ್ಬೀನಿಗೆ ಅವು ಸಿಗುತ್ತವಾ?

ಕೋರ್ಟಿನಲ್ಲಿ ಏನಾಯಿತು

2021ರ ಡಿಸೆಂಬರ್ ಆರಂಭದಲ್ಲಿ ಪರಿಸರ ಸಂಘಟನೆಗಳು, ಗಾಳ ಹಾಕುವವರ ಕ್ಲಬ್‌ಗಳು ಹಾಕಿದ ಮೊದಲ ತುರ್ತು ಅರ್ಜಿ ಬಿದ್ದುಹೋಯಿತು. ಹಡಗು ಕೆಲಸ ಶುರು ಮಾಡಿತು. ಅದೇ ತಿಂಗಳು ಎರಡನೆಯ ಅರ್ಜಿ ಬಂತು. ಈ ಸಲ ಮುಂದೆ ನಿಂತವರು ದಡದ ಜನರೇ. ದ್ವೇಸಾ-ಕ್ವೇಬೆಯ ಸಮುದಾಯ ಸಂಘ, ಸಸ್ಟೇನಿಂಗ್ ದ ವೈಲ್ಡ್ ಕೋಸ್ಟ್ ಸಂಸ್ಥೆ, ಮೀನು ಹಿಡಿಯುವವರು, ಊರ ಹಿರಿಯರು. ತಾವು ಏನು ತಿನ್ನುತ್ತೇವೆ, ಯಾವ ಬಂಡೆಯಿಂದ ಏನು ತರುತ್ತೇವೆ, ಹಿರಿಯರ ಜೊತೆ ಎಲ್ಲಿ ಮಾತಾಡುತ್ತೇವೆ ಎಂಬುದನ್ನೇ ಅವರು ಪ್ರಮಾಣಪತ್ರದಲ್ಲಿ ಬರೆಸಿದರು. ಡಿಸೆಂಬರ್ 28ರಂದು ನ್ಯಾಯಮೂರ್ತಿ ಜೆರಾಲ್ಡ್ ಬ್ಲೂಮ್ ಸಮೀಕ್ಷೆಗೆ ತಡೆ ಕೊಟ್ಟರು. ಕೆಲವೇ ದಿನಗಳಲ್ಲಿ ಹಡಗು ಹೊರಟುಹೋಯಿತು.

ನನ್ನ ಪ್ರಕಾರ ಈ ಎರಡು ಅರ್ಜಿಗಳ ನಡುವಿನ ವ್ಯತ್ಯಾಸದಲ್ಲೇ ಇಡೀ ಕಥೆಯ ಪಾಠ ಇದೆ. ತಿಮಿಂಗಿಲದ ಪರವಾಗಿ ಮಾತಾಡಿದಾಗ ತಜ್ಞರ ಮಾತಿಗೆ ತಜ್ಞರ ಮಾತು ಎದುರಾಯಿತು. ದಡದ ಮನುಷ್ಯ ತನ್ನ ಬದುಕನ್ನೇ ಸಾಕ್ಷಿಯಾಗಿ ಇಟ್ಟಾಗ ಅದಕ್ಕೆ ಎದುರು ಹೇಳಲು ಕಂಪನಿಯ ಬಳಿ ಏನೂ ಇರಲಿಲ್ಲ. ಅವರನ್ನು ಯಾರೂ ಮೊದಲು ಮಾತಾಡಿಸಿಯೇ ಇರಲಿಲ್ಲವಲ್ಲ.

2022ರ ಸೆಪ್ಟೆಂಬರ್ 1ರಂದು ಮಖಾಂಡದ ಹೈಕೋರ್ಟಿನ ಪೂರ್ಣಪೀಠ ಶೋಧದ ಹಕ್ಕನ್ನೇ ರದ್ದು ಮಾಡಿತು. ನ್ಯಾಯಮೂರ್ತಿ ಸೆಲ್ಬಿ ಮ್ಬೆನೆಂಗೆ ಬರೆದ ತೀರ್ಪು ಅದು. ಸಾಂಪ್ರದಾಯಿಕ ರಾಜರು, ಮುಖಂಡರ ಜೊತೆ ಮಾತಾಡಿದ್ದೇವೆ ಎಂದು ಕಂಪನಿ ಹೇಳಿತ್ತು. ಮುಖಂಡರನ್ನು ಕಂಡರೆ ಜನರನ್ನು ಕಂಡಂತಲ್ಲ ಎಂದಿತು ಕೋರ್ಟು. ಆ ಸಮುದಾಯಗಳಲ್ಲಿ ತೀರ್ಮಾನ ಆಗುವುದು ಎಲ್ಲರೂ ಕೂತು ಮಾತಾಡಿ ಒಮ್ಮತಕ್ಕೆ ಬಂದು. ಹಿರಿಯನ ಹೆಸರಿನಲ್ಲಿ ಒಬ್ಬ ಒಪ್ಪಿದರೆ ಊರು ಒಪ್ಪಿದಂತೆ ಆಗುವುದಿಲ್ಲ. ಜೀವನೋಪಾಯ, ನಂಬಿಕೆ, ಹವಾಮಾನ ಬದಲಾವಣೆ, ಕರಾವಳಿ ಕಾನೂನು, ಇವು ಯಾವುದನ್ನೂ ಅಧಿಕಾರಿಗಳು ಸರಿಯಾಗಿ ತೂಗಿ ನೋಡಿಲ್ಲ ಎಂದೂ ತೀರ್ಪು ಹೇಳಿತು.

2024ರ ಜೂನ್ 3ರಂದು ಮೇಲ್ಮನವಿ ನ್ಯಾಯಾಲಯ ಇನ್ನೊಂದು ತಿರುವು ಕೊಟ್ಟಿತು. ಹಕ್ಕು ಕೊಟ್ಟ ರೀತಿ ಕಾನೂನಿಗೆ ವಿರುದ್ಧ ಎಂಬುದನ್ನು ಒಪ್ಪಿತು. ಆದರೆ ರದ್ದತಿಯನ್ನು ತಡೆಹಿಡಿಯಿತು. ಮೂರನೆಯ ನವೀಕರಣದ ಅರ್ಜಿ ಬಾಕಿ ಇದೆ, ಈಗ ಜನರನ್ನು ಸರಿಯಾಗಿ ಕೇಳಿ, ಆಮೇಲೆ ತೀರ್ಮಾನಿಸಿ ಎಂದಿತು. ಗೆದ್ದೆವೋ ಸೋತೆವೋ ಎಂದು ಜನರಿಗೆ ಗೊಂದಲ. ಪ್ರಕರಣ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಇದಕ್ಕೂ ಮೊದಲಿನ ಒಂದು ಹೋರಾಟ ಈ ಜನರನ್ನು ಗಟ್ಟಿ ಮಾಡಿತ್ತು. ವೈಲ್ಡ್ ಕೋಸ್ಟ್‌ನ ಉತ್ತರದಲ್ಲಿ ಖೊಲೊಬೆನಿ ಎಂಬ ಜಾಗವಿದೆ. ಅಲ್ಲಿನ ಕೆಂಪು ಮರಳಿನಲ್ಲಿ ಟೈಟಾನಿಯಂ ಇದೆ. ಆಸ್ಟ್ರೇಲಿಯಾ ಮೂಲದ ಕಂಪನಿಯೊಂದು 22 ಕಿಲೋಮೀಟರ್ ಉದ್ದದ ಪಟ್ಟಿಯನ್ನು ತೋಡಲು ಹೊರಟಿತ್ತು. ಅದನ್ನು ತಡೆಯಲು 2007ರಲ್ಲಿ ಅಮಾಡಿಬಾ ಕ್ರೈಸಿಸ್ ಕಮಿಟಿ ಹುಟ್ಟಿತು. 2016ರ ಮಾರ್ಚ್ 22ರಂದು ಅದರ ಮುಂದಾಳು ಸಿಖೊಸಿಫಿ ರಾದೆಬೆಯನ್ನು ಅವರ ಮನೆಯ ಹತ್ತಿರವೇ ಗುಂಡಿಟ್ಟು ಕೊಂದರು. ಜೊತೆಗಿದ್ದ ನೊನ್ಹ್ಲೆ ಮ್ಬುತುಮಾ ಹೆದರಿ ಹಿಂದೆ ಸರಿಯಲಿಲ್ಲ. 2018ರಲ್ಲಿ ಪ್ರಿಟೋರಿಯಾದ ಹೈಕೋರ್ಟು, ಸಮುದಾಯ ಪೂರ್ತಿ ತಿಳಿದು ಒಪ್ಪದೆ ಅಲ್ಲಿ ಗಣಿ ಹಕ್ಕು ಕೊಡುವಂತಿಲ್ಲ ಎಂದಿತು. ನೊನ್ಹ್ಲೆ ಮತ್ತು ಸಸ್ಟೇನಿಂಗ್ ದ ವೈಲ್ಡ್ ಕೋಸ್ಟ್ ಸಂಸ್ಥೆಯ ಸಿನೆಗುಗು ಜುಕುಲು ಇಬ್ಬರಿಗೂ 2024ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಶೆಲ್‌ನ ಸಮೀಕ್ಷೆಯನ್ನು ತಡೆದು ನಿಲ್ಲಿಸಿದ್ದಕ್ಕೆ.

ಎದುರಿನ ವಾದ ಹಗುರವಲ್ಲ

ಆಗಿನ ಖನಿಜ ಮತ್ತು ಇಂಧನ ಸಚಿವ ಗ್ವೆಡೆ ಮಂತಾಶೆ ಈ ವಿರೋಧವನ್ನು ವಿಶೇಷ ಬಗೆಯ ವಸಾಹತುಶಾಹಿ, ವಿಶೇಷ ಬಗೆಯ ವರ್ಣಭೇದ ಎಂದು ಕರೆದರು. ಶ್ರೀಮಂತ ದೇಶಗಳು ತೈಲ ತೋಡಿ ಮೇಲೆ ಬಂದವು, ಈಗ ಆಫ್ರಿಕಾ ತೋಡಬಾರದು ಎನ್ನುತ್ತಾರೆ ಎಂಬ ಸಿಟ್ಟು ಅದರ ಹಿಂದಿತ್ತು. ಈ ಸಿಟ್ಟು ನಮಗೂ ಗೊತ್ತಿರುವುದೇ ಅಲ್ವಾ? ಹವಾಮಾನ ಸಭೆಗಳಲ್ಲಿ ಭಾರತವೂ ಇದನ್ನೇ ಹೇಳುತ್ತಾ ಬಂದಿದೆ.

ದಕ್ಷಿಣ ಆಫ್ರಿಕಾದಲ್ಲಿ ನಿರುದ್ಯೋಗ ಶೇ 30ಕ್ಕಿಂತ ಜಾಸ್ತಿ. 2023ರಲ್ಲಿ ವರ್ಷದ ಬಹುಪಾಲು ದಿನಗಳಲ್ಲಿ ಲೋಡ್ ಶೆಡ್ಡಿಂಗ್ ಇತ್ತು. ಆ ಪದ ಅಲ್ಲೂ ನಮ್ಮಲ್ಲಿದ್ದಷ್ಟೇ ಮನೆಮಾತು. ಕಡಲಿನಿಂದ ಸಂಪತ್ತು ತೆಗೆಯಬೇಕು ಎಂದು 2014ರಲ್ಲೇ ಸರ್ಕಾರ 'ಆಪರೇಷನ್ ಫಾಕಿಸಾ' ಎಂಬ ಯೋಜನೆ ಶುರು ಮಾಡಿತ್ತು. ಹತ್ತು ವರ್ಷದಲ್ಲಿ 30 ಶೋಧ ಬಾವಿ ಕೊರೆಯುವುದು ಅದರ ಗುರಿಗಳಲ್ಲೊಂದು. 2019 ಮತ್ತು 2020ರಲ್ಲಿ ದಕ್ಷಿಣ ಕರಾವಳಿಯ ಆಚೆ ಬ್ರುಲ್‌ಪಡ್ಡಾ, ಲೂಯಿಪರ್ಡ್ ಎಂಬ ಎರಡು ಕಡೆ ಅನಿಲ ಸಿಕ್ಕಿತು ಕೂಡ. 2022ರಲ್ಲಿ ಪಕ್ಕದ ನಮೀಬಿಯಾದ ಕಡಲಿನಲ್ಲಿ ದೊಡ್ಡ ತೈಲ ಸಿಕ್ಕಿದ ಮೇಲೆ ಆಸೆ ಇನ್ನೂ ಏರಿತು.

ಹಸಿದವನಿಗೆ ತಿಮಿಂಗಿಲದ ಕಥೆ ಹೇಳಬೇಡಿ ಎಂಬ ಮಾತಿಗೆ ಉತ್ತರ ಕೊಡಲೇಬೇಕು. ನಾನು ಅದನ್ನು ಹೀಗೆ ನೋಡುತ್ತೇನೆ.

ಮೊದಲು ಕರೆಂಟಿನ ವಿಷಯ. ಆ ದೇಶದ ವಿದ್ಯುತ್ತಿನ ಬಹುಪಾಲು ಬರುವುದು ಕಲ್ಲಿದ್ದಲಿನಿಂದ. ಹಳೆಯ ಸ್ಥಾವರಗಳು ಕೈಕೊಟ್ಟಿದ್ದರಿಂದ ಕರೆಂಟ್ ಹೋಗುತ್ತಿತ್ತು. 2014ರಲ್ಲಿ ಹಕ್ಕು ಸಿಕ್ಕ ಕಡೆ 2021ಕ್ಕೆ ಸಮೀಕ್ಷೆ ಹಡಗು ಬಂದಿತ್ತಷ್ಟೆ. ಆಮೇಲೆ ಬಾವಿ, ಆಮೇಲೆ ಪೈಪು, ಆಮೇಲೆ ಮಾರಾಟ. ಎಲ್ಲ ಸರಿಯಾಗಿ ನಡೆದರೂ ಇನ್ನೂ ಹತ್ತು ವರ್ಷವಾದರೂ ಬೇಕು. ಅದೇ ಹೊತ್ತಿನಲ್ಲಿ ಜನ ಏನು ಮಾಡಿದರು? ಮಾಳಿಗೆಯ ಮೇಲೆ ಸೋಲಾರ್ ಹಾಕಿಕೊಂಡರು. 2022ರ ಆರಂಭದಲ್ಲಿ ಸುಮಾರು ಒಂದು ಸಾವಿರ ಮೆಗಾವ್ಯಾಟ್ ಇದ್ದ ಮಾಳಿಗೆ ಸೋಲಾರ್ 2024ರ ಹೊತ್ತಿಗೆ ಐದು ಸಾವಿರ ದಾಟಿತು. ಹೆಚ್ಚಾಗಿ ಹಾಕಿಸಿಕೊಂಡವರು ದುಡ್ಡಿದ್ದವರು, ಅಂಗಡಿ-ಕಾರ್ಖಾನೆಯವರು ಎಂಬುದೂ ನಿಜ. ಪೊಂಡೊ ಹಳ್ಳಿಯ ಹುಲ್ಲಿನ ಮನೆಗೆ ಅದು ಇನ್ನೂ ತಲುಪಬೇಕು. ಆದರೆ ಕಾಯುವ ಹೊತ್ತು ಎಷ್ಟು ಎಂಬುದರಲ್ಲಿ ಅಜಗಜಾಂತರ ಇದೆ.

ಇನ್ನು ಕೆಲಸದ ವಿಷಯ. ಆಳ ಸಮುದ್ರದ ರಿಗ್ಗಿನಲ್ಲಿ ಬೇಕಾಗುವುದು ಕೆಲವು ನೂರು ಜನ, ಅದೂ ವರ್ಷಾನುಗಟ್ಟಲೆ ತರಬೇತಿ ಆದವರು. ಬಂಡೆಯಿಂದ ಚಿಪ್ಪು ತರುವ ಹೆಂಗಸಿಗೆ ಅಲ್ಲಿ ಯಾವ ಕೆಲಸ ಸಿಗುತ್ತದೆ? ಅಡುಗೆ, ಕಾವಲು ಸಿಕ್ಕರೂ ಅದು ದಡದಿಂದ ದೂರದ ಬಂದರು ನಗರದಲ್ಲಿ. ಮೀನು ಕಡಿಮೆಯಾದರೆ ಆಗುವ ನಷ್ಟ ಮಾತ್ರ ನೇರವಾಗಿ ಅವಳ ಮಡಕೆಗೆ. ಲಾಭ ಒಂದು ಕಡೆ, ಅಪಾಯ ಇನ್ನೊಂದು ಕಡೆ. ಸಚಿವರ ವಾದದಲ್ಲಿ ನನಗೆ ಒಪ್ಪಿಗೆಯಾಗದ್ದು ಇದು. ವಸಾಹತುಶಾಹಿಯ ಲೆಕ್ಕವೂ ಇದೇ ಆಗಿತ್ತಲ್ಲ!

ಅಪಾಯ ಎಂದರೆ ಎಷ್ಟು? 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ರಿಗ್ಗಿನ ಸ್ಫೋಟದಲ್ಲಿ 11 ಜನ ಸತ್ತರು, ಬಾವಿ ಮುಚ್ಚಲು 87 ದಿನ ಹಿಡಿಯಿತು. ಜಗತ್ತಿನ ಅತಿ ಶ್ರೀಮಂತ ದೇಶದ ಹಿತ್ತಿಲಲ್ಲಿ ನಡೆದದ್ದು ಅದು. ವೈಲ್ಡ್ ಕೋಸ್ಟ್‌ನ ಎದುರು ಹರಿಯುವ ಅಗುಲ್ಹಾಸ್ ಪ್ರವಾಹ ಜಗತ್ತಿನ ವೇಗದ ಕಡಲ ಪ್ರವಾಹಗಳಲ್ಲಿ ಒಂದು. ಚೆಲ್ಲಿದ ತೈಲವನ್ನು ಅದು ನೂರಾರು ಕಿಲೋಮೀಟರ್ ಎಳೆದುಕೊಂಡು ಹೋಗಬಲ್ಲದು. 2000ದ ಜೂನ್‌ನಲ್ಲಿ ಕೇಪ್‌ಟೌನ್ ಹತ್ತಿರ 'ಟ್ರೆಷರ್' ಎಂಬ ಒಂದೇ ಒಂದು ಹಡಗು ಮುಳುಗಿ, ಸುಮಾರು 19,000 ಪೆಂಗ್ವಿನ್‌ಗಳ ಮೈಗೆ ತೈಲ ಮೆತ್ತಿಕೊಂಡಿತ್ತು. ಸಾವಿರಾರು ಜನ ಬಂದು ಒಂದೊಂದೇ ಹಕ್ಕಿಯನ್ನು ಹಿಡಿದು ತೊಳೆದರು. ಅದು ಬಾವಿಯಲ್ಲ, ಹಡಗಿನ ಟ್ಯಾಂಕಿನ ತೈಲ ಮಾತ್ರ.

ಹಣದ ಲೆಕ್ಕವೂ ಕಂಪನಿಗಳು ಹೇಳುವಷ್ಟು ಗಟ್ಟಿಯಿಲ್ಲ. ಬ್ರುಲ್‌ಪಡ್ಡಾ, ಲೂಯಿಪರ್ಡ್‌ನಲ್ಲಿ ಅನಿಲ ಕಂಡುಹಿಡಿದ ಟೋಟಲ್ ಎನರ್ಜೀಸ್ ಕಂಪನಿಯೇ 2024ರಲ್ಲಿ ಅದನ್ನು ಬಿಟ್ಟು ಹೋಯಿತು. ತೆಗೆದು ಮಾರಿದರೆ ಗಿಟ್ಟುವುದಿಲ್ಲ ಎಂದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರ ವರದಿಯಲ್ಲೇ, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ವಾಪಸ್ ಹೀರುವ ಸ್ಥಿತಿ, ತಲುಪುವ ದಾರಿಯಲ್ಲಿ ಹೊಸ ತೈಲ-ಅನಿಲ ಕ್ಷೇತ್ರಗಳ ಅಗತ್ಯವಿಲ್ಲ ಎಂದಿತ್ತು. ಆ ದಾರಿಯಲ್ಲಿ ಜಗತ್ತು ನಡೆದರೆ, ಇವತ್ತು ಸಮೀಕ್ಷೆ ಮಾಡಿದ ತೈಲ ಮೇಲೆ ಬರುವ ಹೊತ್ತಿಗೆ ಕೊಳ್ಳುವವರು ಎಷ್ಟಿರುತ್ತಾರೆ?

ಹಾಗಾದರೆ ಬೇಕಾದದ್ದೇನು

ಹಸಿರು ಆರ್ಥಿಕತೆ ಎಂಬ ಮಾತು ದೊಡ್ಡ ಸಭೆಗಳಲ್ಲಿ ಸವೆದುಹೋಗಿದೆ. ಖೊಲೊಬೆನಿ ಇರುವ ಅಮಾಡಿಬಾ ಸೀಮೆಯಲ್ಲಿ ಅದಕ್ಕೆ ಮಣ್ಣಿನ ವಾಸನೆ ಇದೆ. 1990ರ ದಶಕದ ಕೊನೆಯಲ್ಲೇ ಅಲ್ಲಿನ ಜನ ಕಡಲ ದಂಡೆಯುದ್ದಕ್ಕೂ ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ಹೋಗುವ ಪ್ರವಾಸ ಶುರು ಮಾಡಿದ್ದರು. ದಾರಿ ತೋರಿಸುವವರು ಊರ ಹುಡುಗರು, ಊಟ ಮಾಡಿಸುವವರು ಊರ ಹೆಂಗಸರು, ದೋಣಿ ದಾಟಿಸುವವನು ನದಿ ದಂಡೆಯವನು. ಈಗಲೂ ಹೋಮ್‌ಸ್ಟೇಗಳಿವೆ. ಕೆಸುವು, ಗೆಣಸನ್ನು ಡರ್ಬನ್ ಕಡೆಯ ಪೇಟೆಗೆ ಮಾರುವ ಮಾತಿದೆ. ಸೋಲಾರ್ ಬೇಕು, ಆಸ್ಪತ್ರೆ ಬೇಕು, ಶಾಲೆಗೆ ರಸ್ತೆ ಬೇಕು ಎಂದು ಕೇಳುತ್ತಾರೆ.

ರಸ್ತೆಯ ಕಥೆ ಕೇಳಿದರೆ ಇವರ ಮನಸ್ಸು ಇನ್ನೂ ಸ್ಪಷ್ಟವಾಗುತ್ತದೆ. ದಂಡೆಯ ಹತ್ತಿರ ದೊಡ್ಡ ಹೆದ್ದಾರಿ ಮಾಡಲು ಸರ್ಕಾರ ಹೊರಟಾಗ, ರಸ್ತೆಯೇ ಬೇಡ ಎಂದು ಅಮಾಡಿಬಾ ಕಮಿಟಿ ಹೇಳಲಿಲ್ಲ. ಒಳನಾಡಿನ ಕಡೆಗೆ ಸರಿಸಿ, ಅಲ್ಲಿ ಹೆಚ್ಚು ಜನರಿದ್ದಾರೆ, ಹೊಲ ಮತ್ತು ಸಮಾಧಿಗಳು ಉಳಿಯುತ್ತವೆ ಎಂದಿತು. ಅಭಿವೃದ್ಧಿ ವಿರೋಧಿಗಳು ಎಂದು ಬೈಯುವವರು ಇದನ್ನು ಗಮನಿಸುವುದಿಲ್ಲ.

ಇದಿಷ್ಟರಿಂದಲೇ ಈಸ್ಟರ್ನ್ ಕೇಪ್‌ನ ಬಡತನ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹೋಮ್‌ಸ್ಟೇ, ಗೆಣಸು ಎಷ್ಟು ಮಕ್ಕಳಿಗೆ ಕೆಲಸ ಕೊಟ್ಟೀತು? ದೊಡ್ಡ ದುಡ್ಡು ಬೇಕು. 2021ರ ಗ್ಲಾಸ್ಗೊ ಹವಾಮಾನ ಸಭೆಯಲ್ಲಿ ಶ್ರೀಮಂತ ದೇಶಗಳು ದಕ್ಷಿಣ ಆಫ್ರಿಕಾಕ್ಕೆ ಕಲ್ಲಿದ್ದಲು ಬಿಡಲು 850 ಕೋಟಿ ಡಾಲರ್ ಕೊಡುತ್ತೇವೆ ಎಂದವು. ಅದರಲ್ಲಿ ಬಹುಪಾಲು ಸಾಲ. 2025ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಗೆ ನಡೆಯಿತು. ಬಂದ ಹಣದ ಗಮನವೂ ಕಲ್ಲಿದ್ದಲಿನ ಮ್ಪುಮಲಾಂಗಾ ಪ್ರಾಂತ್ಯದ ಕಡೆಗೇ ಜಾಸ್ತಿ. ತೈಲ ಬೇಡ ಎಂದ ಊರಿಗೆ 'ಸರಿ, ಹಾಗಾದರೆ ಇದನ್ನು ತಗೊಳ್ಳಿ' ಎಂದು ಕೈನೀಡಿದವರು ಕಡಿಮೆ. ಬೇಡ ಎಂದದ್ದಕ್ಕೆ ಅವರು ಬಡವರಾಗಿಯೇ ಇರಬೇಕಾದರೆ, ನಾಳೆ ಇನ್ನೊಂದು ಹಡಗು ಬಂದಾಗ ಅವರ ಮಕ್ಕಳು ಏನು ಹೇಳುತ್ತಾರೋ?

ಕಡಲ ತೈಲ ಬೇಡ ಎನ್ನುವ ದಾರಿಯನ್ನು ಬೇರೆ ದೇಶಗಳೂ ತುಳಿದಿವೆ. ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್, ಹವಳದ ದಿಬ್ಬ ಮತ್ತು ಪ್ರವಾಸೋದ್ಯಮ ಉಳಿಸಿಕೊಳ್ಳಲು 2017ರ ಕೊನೆಯಲ್ಲಿ ತನ್ನ ಕಡಲಿನಲ್ಲಿ ತೈಲ ಹುಡುಕುವುದನ್ನೇ ಕಾನೂನಿನಿಂದ ನಿಲ್ಲಿಸಿತು. ನ್ಯೂಜಿಲೆಂಡ್ 2018ರಲ್ಲಿ ಹೊಸ ಪರವಾನಗಿ ನಿಲ್ಲಿಸಿ, ಸರ್ಕಾರ ಬದಲಾದ ಮೇಲೆ 2025ರಲ್ಲಿ ಆ ನಿಷೇಧವನ್ನೇ ತೆಗೆದುಹಾಕಿತು.

ನಮ್ಮ ದಡಕ್ಕೆ ಬಂದರೆ

ಇದೆಲ್ಲ ದೂರದ ಕಥೆ ಎನಿಸಬಹುದು. ಗೋವೆಯಿಂದ ಕನ್ಯಾಕುಮಾರಿ ಕಡೆಗೆ ಚಾಚಿರುವ ಕಡಲ ತಳಕ್ಕೆ ತೈಲ ಇಲಾಖೆಯ ನಕ್ಷೆಯಲ್ಲಿ ಕೇರಳ-ಕೊಂಕಣ ಬೇಸಿನ್ ಎಂದು ಹೆಸರು. ನಮ್ಮ ಉಡುಪಿ, ಉತ್ತರ ಕನ್ನಡದ ಮೀನುಗಾರರು ಬಲೆ ಬೀಸುವ ಕಡಲೂ ಅದರೊಳಗೇ ಇದೆ. ಕನ್ಯಾಕುಮಾರಿಯ ಆಚೆಯ ಆಳ ಸಮುದ್ರದಲ್ಲಿ ತೈಲ ಹುಡುಕುವುದನ್ನು ತಮಿಳುನಾಡು, ಕೇರಳದ ಮೀನುಗಾರರು ವಿರೋಧಿಸುತ್ತಿದ್ದಾರೆ. 2025ರ ಫೆಬ್ರವರಿಯಲ್ಲಿ ಕಡಲ ಮರಳು ಗಣಿಗಾರಿಕೆಯ ವಿರುದ್ಧ ಕೇರಳದ ಕರಾವಳಿ ಪೂರ್ತಿ ಹರತಾಳ ಮಾಡಿತು. ನಮ್ಮಲ್ಲಿ ತೈಲ ತೋಡುತ್ತಿಲ್ಲ ನಿಜ. ಆದರೆ ತೈಲದ ಭಾರ ಹೊತ್ತಿದ್ದೇವೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡುವ ಗುಹೆಗಳಿವೆ. ಬಂದರುಗಳ ವಿಷಯಕ್ಕೆ ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿ, ಎರಡೂ ಕಡೆ ಮೀನುಗಾರರು ಬೀದಿಗಿಳಿದದ್ದು ನಮ್ಮ ಕಣ್ಣೆದುರಿಗೇ ಇದೆ.

ಇದರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಮೊದಲು ಅಹವಾಲು ಸಭೆ ಆಗಬೇಕು, ಪ್ರಕಟಣೆ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಕುಂದುಕೊರತೆ ಎಷ್ಟೇ ಇರಲಿ, ಮೈಕ್ ಹಿಡಿದು ಕನ್ನಡದಲ್ಲಿ 'ಬೇಡ' ಎನ್ನಲು ಒಂದು ಜಾಗ ಅದು. 2020ರ ಜನವರಿ 16ರಂದು ಕೇಂದ್ರ ಸರ್ಕಾರ ಒಂದು ತಿದ್ದುಪಡಿ ತಂದಿತು. ತೈಲ ಮತ್ತು ಅನಿಲದ ಶೋಧ, ನೆಲದ ಮೇಲಿರಲಿ ಕಡಲಿನಲ್ಲಿರಲಿ, 'ಬಿ-2' ವರ್ಗಕ್ಕೆ ಇಳಿಯಿತು. ಈ ವರ್ಗಕ್ಕೆ ಬಂದರೆ ಅಹವಾಲು ಸಭೆ ಬೇಕಿಲ್ಲ. ಉತ್ಪಾದನೆಯ ಹಂತಕ್ಕೆ ಬಂದಾಗ ಕೇಳುತ್ತಾರೆ. ಅಷ್ಟು ಹೊತ್ತಿಗೆ ನೂರಾರು ಕೋಟಿ ಖರ್ಚಾಗಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ತಪ್ಪು ಭಾಷೆಯಲ್ಲಾದರೂ ಒಂದು ಪ್ರಕಟಣೆ ಬಂದಿತ್ತು, ಅದನ್ನು ಹಿಡಿದು ಜನ ಕೋರ್ಟಿಗೆ ಹೋದರು. ನಮ್ಮಲ್ಲಿ ಶೋಧದ ಹಂತದಲ್ಲಿ ಹಿಡಿಯುವುದಕ್ಕೆ ಆ ಹಗ್ಗವೂ ಇಲ್ಲ.

ವೈಲ್ಡ್ ಕೋಸ್ಟ್‌ಗೆ ಮತ್ತೆ ಬರುತ್ತೇನೆ. ಮೇಲ್ಮನವಿ ನ್ಯಾಯಾಲಯ ಹೇಳಿದಂತೆ ಹೊಸದಾಗಿ ಕೇಳುತ್ತಾರೆ ಎಂದುಕೊಳ್ಳಿ. ರೇಡಿಯೊದಲ್ಲಿ ಪೊಂಡೊ ಮಾತಿನಲ್ಲೇ ಹೇಳುತ್ತಾರೆ. ಊರೂರಲ್ಲಿ ಸಭೆ ಮಾಡುತ್ತಾರೆ. ಮಾವಿನ ಮರದ ಕೆಳಗೋ ಶಾಲೆಯ ಅಂಗಳದಲ್ಲೋ ಎಲ್ಲರೂ ಕೂತು, ಎಲ್ಲವನ್ನೂ ತಿಳಿದು, 'ಬೇಡ' ಎನ್ನುತ್ತಾರೆ. ಆಗ?

ಖೊಲೊಬೆನಿಯಲ್ಲಾದರೆ ಅಲ್ಲಿಗೆ ಮುಗಿಯಿತು. ಅಲ್ಲಿದ್ದದ್ದು ನೆಲ. ಕಾಗದಪತ್ರವಿಲ್ಲದಿದ್ದರೂ ತಲೆಮಾರುಗಳಿಂದ ಉಳುತ್ತಾ ಬಂದವರ ನೆಲದ ಹಕ್ಕನ್ನು ಕಾಯುವ 1996ರ ಕಾನೂನೊಂದು ಅವರ ಬೆನ್ನಿಗಿತ್ತು. ಅದರ ಬಲದಿಂದಲೇ ಕೋರ್ಟು 'ಒಪ್ಪಿಗೆ ಬೇಕು' ಎಂದದ್ದು. ಕಡಲಿಗೆ ಅಂಥ ಕಾನೂನಿಲ್ಲ. ಕಡಲ ತಳ ಸರ್ಕಾರದ ಕೈಯಲ್ಲಿದೆ. ಅಲ್ಲಿ ಜನರನ್ನು 'ಸಮಾಲೋಚಿಸಬೇಕು' ಅಷ್ಟೇ, ಅವರು ಒಪ್ಪಲೇಬೇಕು ಎಂದಿಲ್ಲ.

ಆದರೆ ಇದೇ ದ್ವೇಸಾ-ಕ್ವೇಬೆಯಲ್ಲಿ 2010ರಲ್ಲಿ ಮೂವರು ಮೀನುಗಾರರು ಬಂಧಿತರಾಗಿದ್ದರು. ಅವರ ಹಿರಿಯರು ಮೀನು ಹಿಡಿಯುತ್ತಿದ್ದ ಜಾಗವನ್ನು ಸರ್ಕಾರ ಮೀಸಲು ಕಡಲು ಎಂದು ಮುಚ್ಚಿತ್ತು. ಅವರು ಅಲ್ಲೇ ಮೀನು ಹಿಡಿಯಲು ಹೋಗಿದ್ದರು. ಕೆಳಗಿನ ಕೋರ್ಟು ತಪ್ಪಿತಸ್ಥರು ಎಂದಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆಯನ್ನು ತೆಗೆದುಹಾಕಿ, ಆ ಕಡಲಿನಲ್ಲಿ ಮೀನು ಹಿಡಿಯುವ ರೂಢಿಯ ಹಕ್ಕು ಈ ಜನರಿಗಿದೆ, ಮೀಸಲು ಮಾಡಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ ಎಂದಿತು. ನೆಲದ ಮೇಲೆ ಇರುವಂತೆ ಕಡಲಿನ ಮೇಲೂ ತಲೆಮಾರಿನ ಹಕ್ಕು ಇರಬಹುದು ಎಂದು ಹೇಳಿದ ತೀರ್ಪು ಅದು. ಮೀನು ಹಿಡಿಯುವ ಹಕ್ಕಿನಿಂದ 'ತೋಡಬೇಡಿ' ಎನ್ನುವ ಹಕ್ಕಿನವರೆಗೆ ಇನ್ನೂ ಬಹಳ ದೂರ ಇದೆ. ಆ ದೂರವನ್ನು ನಡೆಯಲು ಹೊರಟವರು ಅದೇ ಮೂವರ ನೆರೆಹೊರೆಯವರು.